ಮಂಡಿನೋವು, ಜಾರುವ ಮೆಟ್ಟಿಲು, ನಾಲ್ಕು ತಿಂಗಳ ಮಳೆ: ಕೊಡಗಿನವರಿಗೆ ತಾಯ್ ಚಿಯಾ, ಯೋಗವಾ, ವಾಕಿಂಗ್ ಸಾಕಾ?

ಹೋದ ವರ್ಷ ಕಕ್ಕಡ ಹದಿನೆಂಟರ ದಿನ (ಆಗಸ್ಟ್ ಮೊದಲ ವಾರ, ಮಳೆಗಾಲದ ನಡುವೆ) ನಮ್ಮ ಅತ್ತೆ ಮದ್ದುಸೊಪ್ಪು ತರಲು ಹಿತ್ತಲಿಗೆ ಇಳಿದರು. ಪಾಚಿ ಕಟ್ಟಿದ ಮೆಟ್ಟಿಲು, ಕಾಲು ಜಾರಿತು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ, ಮಣಿಕಟ್ಟು ಉಳುಕಿತು ಅಷ್ಟೆ. ಉಳುಕು ಮೂರು ವಾರದಲ್ಲಿ ವಾಸಿಯಾಯಿತು. ಆದರೆ ಅತ್ತೆ ಅಂಗಳಕ್ಕೆ ಇಳಿಯುವುದನ್ನೇ ಬಿಟ್ಟರು. 71 ವರ್ಷದ ತನಕ ತೋಟದ ಮೂಲೆಮೂಲೆ ಸುತ್ತಿದ ಜೀವ, ಜಗಲಿಯ ಕುರ್ಚಿ ಬಿಟ್ಟು ಏಳದಂತಾಯಿತು. ಪೆಟ್ಟಿಗಿಂತ ಹೆದರಿಕೆಯೇ ಜಾಸ್ತಿ ತೊಂದರೆ ಕೊಟ್ಟಿತು.

ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಮೂರು ವರ್ಷ ತಾಯ್ ಚಿ ಕಲಿತಿದ್ದೆ. ಅದು ಚೀನಾದ ನಿಧಾನ ಚಲನೆಗಳ ವ್ಯಾಯಾಮ. ಊರಿಗೆ ಬಂದ ಮೇಲೂ ಬಿಟ್ಟಿಲ್ಲ. ಅತ್ತೆಗೆ ಅದರಲ್ಲಿ ನಾಲ್ಕೇ ನಾಲ್ಕು ಚಲನೆ ಹೇಳಿಕೊಟ್ಟೆ. ದಿನಕ್ಕೆ ಹದಿನೈದು ನಿಮಿಷ, ಜಗಲಿಯಲ್ಲೇ, ಪಕ್ಕದಲ್ಲಿ ಒಂದು ಭಾರದ ಮರದ ಕುರ್ಚಿ ಇಟ್ಟುಕೊಂಡು. ಮೊದಲ ತಿಂಗಳು ಕುರ್ಚಿಯಿಂದ ಕೈ ತೆಗೆಯಲೇ ಇಲ್ಲ. ಆಮೇಲೆ ಎರಡು ಬೆರಳು ಮಾತ್ರ ಇಟ್ಟರು. ಹುತ್ತರಿಯ ರಾತ್ರಿ ಕದಿರು ತೆಗೆಯಲು ನಾವೆಲ್ಲ ಹೊರಟಾಗ, ಅತ್ತೆಯೂ ಗದ್ದೆಯ ತನಕ ಬಂದರು. ‘ಪೊಲಿ ಪೊಲಿ ದೇವಾ’ ಎಂದು ಕೂಗಿದವರಲ್ಲಿ ಅವರ ದನಿಯೂ ಇತ್ತು.

ಅಂದಿನಿಂದ ಕೇಳುವವರು ಜಾಸ್ತಿಯಾಗಿದ್ದಾರೆ. ಮೂರು ಪ್ರಶ್ನೆಗಳನ್ನು ಇಲ್ಲಿ ಇಟ್ಟುಕೊಳ್ಳುತ್ತೇನೆ. ಸೋಮವಾರಪೇಟೆ ಕಡೆಯ ಹುಡುಗಿಯೊಬ್ಬಳು ಬೆಂಗಳೂರಿನಲ್ಲಿ ಇದ್ದಾಳೆ. ಅವಳ ಅಮ್ಮನಿಗೆ 68 ವರ್ಷ, ಮಂಡಿನೋವು, ಮನೆಯಲ್ಲಿ ಒಬ್ಬರೇ. ‘ಅಕ್ಕಾ, ಅಮ್ಮನನ್ನು ಯೋಗಕ್ಕೆ ಸೇರಿಸಲಾ, ತಾಯ್ ಚಿ ಕಲಿಸಲಾ?’ ಎಂದು ಕೇಳಿದಳು. ಗೋಣಿಕೊಪ್ಪದ ಹತ್ತಿರದ ಬೆಳೆಗಾರರೊಬ್ಬರಿಗೆ 46. ಬಿಪಿ ಗಡಿಯಲ್ಲಿದೆ, ಹೊಟ್ಟೆ ಬಂದಿದೆ, ದಿನವಿಡೀ ಜೀಪಿನಲ್ಲೇ ಓಡಾಟ. ವಾಕಿಂಗ್ ಸಾಕಲ್ವಾ ಎಂಬುದು ಅವರ ಪ್ರಶ್ನೆ. ಮೂರನೆಯವರು ಮಡಿಕೇರಿಯ ನಿವೃತ್ತ ಮೇಷ್ಟ್ರು. ಅವರಿಗೆ ಪಾರ್ಕಿನ್ಸನ್ ಎಂಬ ನರರೋಗ ಶುರುವಾಗಿದೆ. ತನಗೆ ಯಾವುದು ಸರಿ ಎಂದು ಕೇಳಿದರು.

ಮೂವರಿಗೂ ಒಂದೇ ಉತ್ತರ ಕೊಟ್ಟರೆ ಮೋಸವಾಗುತ್ತದೆ. ಯಾವುದು ಒಳ್ಳೆಯದು ಅನ್ನುವುದಕ್ಕಿಂತ ನಿಮಗೆ ಯಾವುದರ ಕೊರತೆ ಇದೆ ಅನ್ನುವುದನ್ನು ಮೊದಲು ನೋಡಬೇಕು.

ಮೊದಲು ನಿಮ್ಮನ್ನು ನೀವು ಅಳೆದುಕೊಳ್ಳಿ

ಮೊದಲನೆಯದು, ಬೀಳುವ ಅಪಾಯ. ಇದನ್ನು ಮನೆಯಲ್ಲೇ ನೋಡಬಹುದು. ಕುರ್ಚಿಯಲ್ಲಿ ಕೂತುಕೊಳ್ಳಿ. ಎದ್ದು, ಮೂರು ಮೀಟರ್ ನಿಮ್ಮ ಮಾಮೂಲಿ ನಡಿಗೆಯಲ್ಲೇ ಹೋಗಿ, ತಿರುಗಿ ಬಂದು ಮತ್ತೆ ಕೂತುಕೊಳ್ಳಿ. ಯಾರಾದರೂ ಗಡಿಯಾರ ನೋಡಲಿ. 12 ಸೆಕೆಂಡು ಅಥವಾ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. ಇನ್ನೊಂದು, ಗೋಡೆಯ ಪಕ್ಕದಲ್ಲಿ ಒಂಟಿಕಾಲಲ್ಲಿ ನಿಂತು ನೋಡಿ. ಹತ್ತು ಸೆಕೆಂಡು ನಿಲ್ಲಲು ಕಷ್ಟವಾದರೆ ಸಮತೋಲನದ ಕಡೆಗೇ ಮೊದಲ ಗಮನ ಕೊಡಬೇಕು. ಕಳೆದ ಒಂದು ವರ್ಷದಲ್ಲಿ ಒಮ್ಮೆ ಬಿದ್ದಿದ್ದರಂತೂ ಪರೀಕ್ಷೆಯೇ ಬೇಡ. ಕೊಡಗಿನಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನಮ್ಮ ಮನೆಗಳು ಇಳಿಜಾರಿನಲ್ಲಿವೆ. ಹೊಸ್ತಿಲು ಎತ್ತರ, ಬಚ್ಚಲು ಕೆಲವು ಕಡೆ ಇವತ್ತಿಗೂ ಹೊರಗೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಒಣಗಿದ ಮೆಟ್ಟಿಲು ಕಾಣಸಿಗುವುದಿಲ್ಲ.

ಎರಡನೆಯದು, ಮಂಡಿ ಮತ್ತು ಸೊಂಟ. ನೆಲದಲ್ಲಿ ಕೂತರೆ ಯಾರ ಸಹಾಯವೂ ಇಲ್ಲದೆ ಏಳುತ್ತೀರಾ? ಇಳಿಜಾರು ಇಳಿಯುವಾಗ ನೋವು ಜಾಸ್ತಿಯಾ, ಹತ್ತುವಾಗಲಾ? ಮೂರನೆಯದು, ಬಿಪಿ, ಶುಗರ್, ತೂಕ. ಇವಕ್ಕೆ ಮೈ ಬಿಸಿಯಾಗುವ, ಉಸಿರು ಸ್ವಲ್ಪ ಜೋರಾಗುವ ಕೆಲಸ ಬೇಕೇ ಬೇಕು.

ಆಮೇಲೆ ಜಾಗ, ಹವೆ, ಕಲಿಸುವವರು, ದುಡ್ಡು. ಪಟ್ಟಣದಲ್ಲಿ ಇರುವವರು ಇದನ್ನು ಯೋಚಿಸುವುದಿಲ್ಲ. ತೋಟದ ಮನೆಯಲ್ಲಿ ಇರುವವರಿಗೆ ಇದೇ ದೊಡ್ಡ ಪ್ರಶ್ನೆ. ಸಂಜೆ ಆರಕ್ಕೆ ಮಡಿಕೇರಿಯಲ್ಲಿ ತರಗತಿ ಇದ್ದರೆ, ಮುಗಿಸಿ ಕತ್ತಲಲ್ಲಿ ಆನೆ ಓಡಾಡುವ ದಾರಿಯಲ್ಲಿ ಮನೆಗೆ ಬರುವುದು ಹೇಗೆ? ಬಿಡದೆ ಮಾಡಲು ಆಗದ ವ್ಯಾಯಾಮ ಎಷ್ಟೇ ಒಳ್ಳೆಯದಾದರೂ ನಿಮ್ಮದಲ್ಲ.

ತಾಯ್ ಚಿ: ಇದರ ಕೆಲಸ ಎಲ್ಲಿ, ಮಿತಿ ಎಲ್ಲಿ

ತಾಯ್ ಚಿ ಹುಟ್ಟಿದ್ದು ಚೀನಾದ ಹೆನಾನ್ ಪ್ರಾಂತ್ಯದ ಚೆನ್ ಮನೆತನದ ಹಳ್ಳಿಯಲ್ಲಿ, 17ನೇ ಶತಮಾನದಲ್ಲಿ. ಹುಟ್ಟಿದ್ದು ಕಾಳಗದ ವಿದ್ಯೆಯಾಗಿ. 1956ರಲ್ಲಿ ಚೀನಾದ ಕ್ರೀಡಾ ಇಲಾಖೆ ಅದರ ಯಾಂಗ್ ಶೈಲಿಯಿಂದ 24 ಚಲನೆಗಳನ್ನು ಆರಿಸಿ ಎಲ್ಲರೂ ಕಲಿಯುವಂತೆ ಚಿಕ್ಕದು ಮಾಡಿತು. ಇಂದು ಜಗತ್ತಿನಲ್ಲಿ ಜಾಸ್ತಿ ಜನ ಕಲಿಯುವುದು ಅದನ್ನೇ. ಮೊದಲಿನಿಂದ ಕೊನೆಯ ತನಕ ಮಾಡಲು ಐದಾರು ನಿಮಿಷ ಸಾಕು.

ನೋಡುವವರಿಗೆ ಸುಮ್ನೆ ಗಾಳಿಯಲ್ಲಿ ಕೈ ಆಡಿಸಿದಂತೆ ಕಾಣುತ್ತದೆ. ಕೆಲಸವೆಲ್ಲ ನಡೆಯುವುದು ಕಾಲಿನಲ್ಲಿ. ಮಂಡಿ ಸ್ವಲ್ಪವೇ ಬಾಗಿರುತ್ತದೆ, ಬೆನ್ನು ನೆಟ್ಟಗಿರುತ್ತದೆ. ಮೈಭಾರ ಪೂರ್ತಿ ಒಂದು ಕಾಲಿಗೆ ಬಂದ ಮೇಲೆ, ಇನ್ನೊಂದು ಕಾಲು ಬೆಕ್ಕಿನಂತೆ ಮೆಲ್ಲಗೆ ಮುಂದೆ ಹೋಗುತ್ತದೆ. ಹಿಮ್ಮಡಿ ನೆಲ ಮುಟ್ಟುತ್ತದೆ. ಆಮೇಲೆ ಮಾತ್ರ ಭಾರ ಆ ಕಾಲಿಗೆ ಹರಿಯುತ್ತದೆ. ಮಳೆಗಾಲದಲ್ಲಿ ಗದ್ದೆಯ ಬದುವಿನ ಮೇಲೆ ಹೆಜ್ಜೆ ಇಡುವಾಗ ನಮ್ಮ ಹಿರಿಯರು ಮಾಡುವುದೂ ಇದನ್ನೇ ಅಲ್ವಾ? ಕಾಲಿಟ್ಟು, ನೆಲ ಗಟ್ಟಿ ಇದೆಯಾ ನೋಡಿ, ಆಮೇಲೆ ಭಾರ ಹಾಕುವುದು. ವಯಸ್ಸಾದಂತೆ ಪಾದದಿಂದ ಮೆದುಳಿಗೆ ಹೋಗುವ ಸುದ್ದಿ ಮಂಕಾಗುತ್ತದೆ, ತೊಡೆ ಸೊರಗುತ್ತದೆ. ತಾಯ್ ಚಿ ಇವೆರಡನ್ನೂ ಒಟ್ಟಿಗೆ ತಿದ್ದುತ್ತದೆ. ‘ಮೋಡದ ಕೈ’ ಎಂಬ ಚಲನೆಯಲ್ಲಿ ಪಕ್ಕಕ್ಕೆ ಹೆಜ್ಜೆ ಇಡುತ್ತೇವೆ. ‘ಬಂಗಾರದ ಹುಂಜ’ದಲ್ಲಿ ಒಂಟಿಕಾಲಲ್ಲಿ ನಿಲ್ಲುತ್ತೇವೆ. ಸೊಂಟ ತಿರುಗುತ್ತಾ, ಕೈ ಆಡುತ್ತಾ, ಕಣ್ಣು ಕೈಯ ಹಿಂದೆ ಹೋಗುತ್ತಾ ನಿಲ್ಲುವುದು ಸುಮ್ಮನೆ ನಿಲ್ಲುವುದಕ್ಕಿಂತ ಕಷ್ಟ. ಬಕೆಟ್ ಹಿಡಿದು ತಿರುಗುವಾಗ, ಕಿಟಕಿಯ ಕಡೆ ನೋಡುತ್ತಾ ಹೆಜ್ಜೆ ಇಡುವಾಗ ತಾನೇ ನಾವು ಬೀಳುವುದು?

ಈಗ ಅಧ್ಯಯನಗಳ ಮಾತು. 60 ದಾಟಿದವರು ಬೀಳುವುದನ್ನು ವ್ಯಾಯಾಮ ತಡೆಯುತ್ತದೆಯೇ ಎಂದು 2019ರಲ್ಲಿ ಕಾಕ್ರೇನ್ ಸಂಸ್ಥೆ 108 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿತು. ಅದರಲ್ಲಿ 23 ಸಾವಿರಕ್ಕೂ ಹೆಚ್ಚು ಜನರಿದ್ದರು. ತಾಯ್ ಚಿ ಬೀಳುವುದನ್ನು ಸುಮಾರು ಶೇ 19ರಷ್ಟು ಇಳಿಸಬಹುದು ಎಂದು ಕಂಡಿತು. ಸಮತೋಲನ ಮತ್ತು ಓಡಾಟದ ವ್ಯಾಯಾಮಗಳಿಂದ ಶೇ 24ರಷ್ಟು ಕಡಿಮೆಯಾಗಿತ್ತು. ಸಮತೋಲನದ ಜೊತೆ ಸ್ನಾಯು ಬಲದ ವ್ಯಾಯಾಮ ಸೇರಿಸಿದ ಗುಂಪುಗಳಲ್ಲಿ ಶೇ 34ರಷ್ಟು. ನಡಿಗೆ ಒಂದರಿಂದಲೇ ಬೀಳುವುದು ಕಡಿಮೆಯಾಗುತ್ತದೆಯೇ ಎಂಬುದು ಮಾತ್ರ ಸ್ಪಷ್ಟವಾಗಲಿಲ್ಲ. 2018ರಲ್ಲಿ ಅಮೆರಿಕದಲ್ಲಿ 70 ದಾಟಿದ 670 ಜನರ ಮೇಲೆ ಇನ್ನೊಂದು ಪ್ರಯೋಗ ನಡೆಯಿತು. ಎಲ್ಲರೂ ಮೊದಲೇ ಬಿದ್ದವರು ಅಥವಾ ಓಡಾಟ ಕಷ್ಟವಾದವರು. ಅಲ್ಲಿ ಬೀಳುವುದನ್ನು ತಡೆಯಲೆಂದೇ ರೂಪಿಸಿದ ತಾಯ್ ಚಿ, ಬರೀ ಮೈ ಎಳೆಯುವ ವ್ಯಾಯಾಮಕ್ಕಿಂತ ಶೇ 58ರಷ್ಟು, ಬೆರಕೆ ವ್ಯಾಯಾಮಕ್ಕಿಂತ ಶೇ 31ರಷ್ಟು ಬೀಳುವುದನ್ನು ಕಡಿಮೆ ಮಾಡಿತು.

ಎಲ್ಲವನ್ನೂ ನೋಡಿದ ಮೇಲೆ ನನಗೆ ಅನ್ನಿಸುವುದು ಇಷ್ಟು. ಬೀಳುವ ಹೆದರಿಕೆ ಇರುವವರಿಗೆ ತಾಯ್ ಚಿಯೇ ಮೊದಲ ಆಯ್ಕೆ. ಆದರೆ ಅದೊಂದೇ ಸಾಲದು. ಜೊತೆಗೆ ಕುರ್ಚಿಯಿಂದ ಎದ್ದು ಕೂರುವಂಥ ಬಲದ ವ್ಯಾಯಾಮ ಇರಲೇಬೇಕು.

ಮಂಡಿಯ ವಿಷಯದಲ್ಲೂ ಇದಕ್ಕೆ ಒಳ್ಳೆಯ ಹೆಸರಿದೆ. 2016ರಲ್ಲಿ ಮಂಡಿ ಸವೆತ ಇದ್ದ 204 ಜನರಲ್ಲಿ ಅರ್ಧ ಜನರಿಗೆ ತಾಯ್ ಚಿ, ಇನ್ನರ್ಧ ಜನರಿಗೆ ಫಿಸಿಯೋಥೆರಪಿ ಕೊಟ್ಟು ನೋಡಿದರು. 12 ವಾರದ ನಂತರ ಎರಡೂ ಗುಂಪಿನವರ ನೋವು ಹೆಚ್ಚುಕಡಿಮೆ ಒಂದೇ ಸಮನಾಗಿ ಇಳಿದಿತ್ತು. 2019ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಘ ಮಂಡಿ ಮತ್ತು ಸೊಂಟದ ಕೀಲಿನ ಸವೆತಕ್ಕೆ ತಾಯ್ ಚಿಯನ್ನು ಬಲವಾಗಿಯೇ ಶಿಫಾರಸು ಮಾಡಿತು. ಯೋಗಕ್ಕೆ ಅಷ್ಟು ಬಲದ ಶಿಫಾರಸು ಸಿಗಲಿಲ್ಲ.

ಆದರೆ ಶೈಲಿ ನೋಡಿ ಕಲಿಯಬೇಕು. ಚೆನ್ ಶೈಲಿಯಲ್ಲಿ ತಗ್ಗಾಗಿ ನಿಲ್ಲಬೇಕು, ಕಾಲು ಅಪ್ಪಳಿಸುವುದೂ ನೆಗೆಯುವುದೂ ಇದೆ. ನೋವಿರುವ ಮಂಡಿಗೆ ಅದು ಬೇಡ. ಯಾಂಗ್ ಶೈಲಿಯಲ್ಲಿ ಎಷ್ಟು ತಗ್ಗಬೇಕು ಎಂಬುದು ನಿಮ್ಮ ಕೈಯಲ್ಲಿದೆ. ಸುನ್ ಶೈಲಿಯಲ್ಲಿ ನಿಲುವು ಎತ್ತರ, ಹೆಜ್ಜೆ ಚಿಕ್ಕದು. ಒಂದು ಕಾಲು ಮುಂದೆ ಹೋದರೆ ಇನ್ನೊಂದು ಹಿಂದೆಯೇ ಬರುತ್ತದೆ. ಆಸ್ಟ್ರೇಲಿಯಾದ ವೈದ್ಯ ಪಾಲ್ ಲ್ಯಾಮ್ 1997ರಲ್ಲಿ ಸಂಧಿವಾತ ಇರುವವರಿಗಾಗಿ ರೂಪಿಸಿದ ಪಾಠ ಸುನ್ ಶೈಲಿಯದೇ. ಅತ್ತೆಗೆ ನಾನು ಹೇಳಿಕೊಟ್ಟದ್ದೂ ಅದೇ ಬಗೆಯ ಎತ್ತರದ ನಿಲುವು. ಯಾವ ಶೈಲಿಯಾದರೂ ಒಂದು ಮಾತು ಮರೆಯಬೇಡಿ. ಮಂಡಿ ಕಾಲ್ಬೆರಳನ್ನು ದಾಟಿ ಮುಂದೆ ಹೋಗಬಾರದು. ಪಾದ ನೆಲಕ್ಕೆ ಊರಿದ್ದಾಗ ಮಂಡಿ ತಿರುಚಬಾರದು. ತಿರುಗುವುದು ಸೊಂಟದಿಂದ. ವಿಡಿಯೋ ನೋಡಿ ಕಲಿತ ಕೆಲವರಿಗೆ ಮಂಡಿನೋವು ಜಾಸ್ತಿಯಾಗಿದ್ದನ್ನು ನೋಡಿದ್ದೇನೆ. ಪ್ರತಿಸಲವೂ ತಪ್ಪು ಇಲ್ಲೇ ಇತ್ತು.

ಬಿಪಿಗೆ? 2024ರಲ್ಲಿ ಬೀಜಿಂಗ್‌ನಲ್ಲಿ ಬಿಪಿ ಗಡಿಯಲ್ಲಿದ್ದ 342 ಜನರ ಮೇಲೆ ನಡೆದ ಪ್ರಯೋಗ ಹೊರಬಂತು. ಒಂದು ವರ್ಷದ ಕೊನೆಗೆ ತಾಯ್ ಚಿ ಮಾಡಿದವರ ಮೇಲಿನ ಬಿಪಿ ಸರಾಸರಿ 7 ಅಂಕ ಇಳಿದಿತ್ತು. ಚುರುಕಿನ ನಡಿಗೆ, ಸೈಕಲ್ ಥರದ ವ್ಯಾಯಾಮ ಮಾಡಿದವರದು 4.6 ಅಂಕ. ಒಂದೇ ಪ್ರಯೋಗ ನೋಡಿ ನಡಿಗೆ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಬಿಪಿ ಮಾತ್ರೆಯನ್ನಂತೂ ಡಾಕ್ಟರನ್ನು ಕೇಳದೆ ಬಿಡಲೇಬಾರದು. ಆದರೆ ನಿಧಾನದ ವ್ಯಾಯಾಮದಿಂದ ಏನೂ ಆಗುವುದಿಲ್ಲ ಎಂಬ ಮಾತು ಸರಿಯಲ್ಲ ಎಂದು ಇಷ್ಟರಿಂದ ಗೊತ್ತಾಗುತ್ತದೆ.

ಇನ್ನು ಮಿತಿಗಳು. ತೋಳಿಗೆ, ಭುಜಕ್ಕೆ ಇದರಿಂದ ಹೆಚ್ಚು ಬಲ ಬರುವುದಿಲ್ಲ. ಬೇಗ ತೂಕ ಇಳಿಸಬೇಕು ಎನ್ನುವವರಿಗೆ ಇದು ನಿರಾಸೆ ತರುತ್ತದೆ. ಫಲ ಕಾಣಲು ಮೂರು ತಿಂಗಳು ಬೇಕು, ಅದೂ ವಾರಕ್ಕೆ ಎರಡು ಮೂರು ಸಲವಾದರೂ ಮಾಡಿದರೆ. 24 ಚಲನೆ ನೆನಪಿನಲ್ಲಿ ಕೂರಲು ಇನ್ನೂ ಜಾಸ್ತಿ ದಿನ ಹಿಡಿಯುತ್ತದೆ. ಎಲ್ಲಕ್ಕಿಂತ ದೊಡ್ಡ ತೊಂದರೆ, ಯೋಗ ಕಲಿಸುವವರು ಸಿಗುವಷ್ಟು ಸುಲಭವಾಗಿ ತಾಯ್ ಚಿ ಕಲಿಸುವವರು ಕೊಡಗಿನಲ್ಲಿ ಸಿಗುವುದಿಲ್ಲ. ಮೈಸೂರು ಬೆಂಗಳೂರಿನ ಕಡೆ ನೋಡಬೇಕು, ಇಲ್ಲವೇ ವಿಡಿಯೋ. ಅದನ್ನು ದಾಟುವ ದಾರಿ ಮುಂದೆ ಹೇಳುತ್ತೇನೆ.

ಯೋಗ

ಕಲಿಯಲು ಸುಲಭದ ದಾರಿ ಇದರದ್ದೇ. ನಮ್ಮ ಪಟ್ಟಣಗಳಲ್ಲಿ ಯೋಗ ಹೇಳಿಕೊಡುವವರು ಸಿಗುತ್ತಾರೆ. ಭಾಷೆ ನಮ್ಮದು, ಖರ್ಚು ಕಡಿಮೆ, ಒಂದು ಚಾಪೆ ಇದ್ದರೆ ಆಯಿತು. ಪಕ್ಕದ ಮೈಸೂರಂತೂ ಯೋಗದ ದೊಡ್ಡ ನೆಲೆ. ಅಲ್ಲಿ ಯೋಗಗುರು ಕೃಷ್ಣಮಾಚಾರ್ಯರ ಹತ್ತಿರ ಕಲಿತ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಮುಂದೆ ಕುರ್ಚಿ, ಹಗ್ಗ, ದಿಂಬು, ಮರದ ತುಂಡುಗಳನ್ನು ಬಳಸಿ ಮೈ ಬಗ್ಗದವರಿಗೂ ಆಸನ ಮಾಡಿಸುವ ಕ್ರಮ ಬೆಳೆಸಿದರು. ವಯಸ್ಸಾದವರು ಯೋಗಕ್ಕೆ ಸೇರುವಾಗ ‘ಕುರ್ಚಿ ಇಟ್ಟು ಮಾಡಿಸುತ್ತೀರಾ?’ ಎಂದು ಮೊದಲು ಕೇಳಬೇಕು. ಇಲ್ಲ ಎಂದರೆ ಬೇರೆ ಕಡೆ ನೋಡಿ.

ಮೈ ಬಗ್ಗುವುದಕ್ಕೆ, ಬೆನ್ನು ಬಿಗಿತಕ್ಕೆ, ನಿದ್ದೆಗೆ, ಉಸಿರಿಗೆ ಯೋಗ ತುಂಬ ಒಳ್ಳೆಯದು. ಹಳೆಯ ಸೊಂಟನೋವಿಗೆ ಮಾತ್ರೆಗಿಂತ ಮೊದಲು ಪ್ರಯತ್ನಿಸಬಹುದಾದ ಪಟ್ಟಿಯಲ್ಲಿ ಅಮೆರಿಕದ ವೈದ್ಯರ ಕಾಲೇಜು 2017ರಲ್ಲಿ ಯೋಗ, ತಾಯ್ ಚಿ ಎರಡನ್ನೂ ಸೇರಿಸಿತು. ಹಾಗಾಗಿ ಸೊಂಟನೋವು ಒಂದೇ ನಿಮ್ಮ ತೊಂದರೆಯಾದರೆ ತಾಯ್ ಚಿ ಗುರುವನ್ನು ಹುಡುಕಿಕೊಂಡು ಅಲೆಯಬೇಕಿಲ್ಲ. ಹತ್ತಿರದ ಯೋಗ ತರಗತಿ ಸಾಕು.

ಅಡ್ಡಿ ಬರುವುದು ಮಂಡಿ ಸವೆದವರಿಗೆ. ವಜ್ರಾಸನ, ಪದ್ಮಾಸನದಲ್ಲಿ ಮಂಡಿ ಪೂರ್ತಿ ಮಡಚಬೇಕು. ಬಿಪಿ ಹತೋಟಿಯಲ್ಲಿ ಇಲ್ಲದವರು, ಕಣ್ಣಿನೊಳಗಿನ ಒತ್ತಡ (ಗ್ಲಾಕೋಮಾ) ಇರುವವರು ಶೀರ್ಷಾಸನದಂಥ ತಲೆ ಕೆಳಗಾದ ಆಸನ ಮಾಡಬಾರದು. ಮೂಳೆ ಟೊಳ್ಳಾಗಿರುವವರು ಬೆನ್ನನ್ನು ಗುಂಡಗೆ ಮಾಡಿ ಮುಂದಕ್ಕೆ ಬಗ್ಗುವುದು ಅಪಾಯ. ಗುಂಪಿನಲ್ಲಿ ಎಲ್ಲರೂ ಮಾಡುವಾಗ ನಮ್ಮ ಹಿರಿಯರು ಆಗಲ್ಲ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಮಕ್ಕಳು ಮೊದಲೇ ಗುರುಗಳಿಗೆ ತಿಳಿಸಿಬಿಡಬೇಕು.

ವಾಕಿಂಗ್

ಶುಗರ್, ಹೃದಯ, ತೂಕಕ್ಕೆ ಚುರುಕು ನಡಿಗೆಯಂಥ ಸುಲಭದ ಮದ್ದು ಇನ್ನೊಂದಿಲ್ಲ. ಕಲಿಯುವುದು ಏನೂ ಇಲ್ಲ, ದುಡ್ಡೂ ಬೇಡ. ವಾರಕ್ಕೆ ಕನಿಷ್ಠ 150 ನಿಮಿಷ ಉಸಿರು ಸ್ವಲ್ಪ ಏರುವಂಥ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಅಳತೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಏರುವ ಶುಗರ್‌ಗೆ ಕಡಿವಾಣ ಬೀಳುತ್ತದೆ. ಕಡುಬು, ಅಕ್ಕಿರೊಟ್ಟಿ, ಅನ್ನ ಎಂದು ಮೂರು ಹೊತ್ತೂ ಅಕ್ಕಿಯನ್ನೇ ತಿನ್ನುವ ನಮಗೆ ಇದು ಬೇಕೇ ಬೇಕು.

ಆದರೆ ಕೊಡಗಿನ ವಾಕಿಂಗ್ ಬೆಂಗಳೂರಿನ ಪಾರ್ಕಿನ ವಾಕಿಂಗ್ ಅಲ್ಲ. ಇಳಿಯುವಾಗ ಮಂಡಿಗೆ ಬೀಳುವ ಭಾರ ಹತ್ತುವಾಗಿನದಕ್ಕಿಂತ ಬೇರೆ. ಸವೆದ ಮಂಡಿ ಇಳಿಜಾರಿನಲ್ಲೇ ಹೆಚ್ಚು ದೂರು ಹೇಳುವುದು. ಸಿದ್ದಾಪುರದ ಕಡೆ ಬೆಳಗಿನ ಆರು ಗಂಟೆಗೆ ತೋಟದ ದಾರಿಯಲ್ಲಿ ಒಬ್ಬರೇ ನಡೆಯಿರಿ ಎಂದು ಯಾರಿಗೂ ಹೇಳಲಾರೆ. ಆನೆಗೆ ನಮ್ಮ ಆರೋಗ್ಯದ ಚಿಂತೆ ಇರುವುದಿಲ್ಲ. ಮಳೆಗಾಲದಲ್ಲಿ ಜಿಗಣೆ, ಗಾಳಿಗೆ ಮುರಿದು ಬೀಳುವ ಕೊಂಬೆ. ರಜೆಯ ದಿನಗಳಲ್ಲಿ ರಸ್ತೆ ತುಂಬ ಪ್ರವಾಸಿಗರ ವಾಹನ. ಹೀಗಾಗಿ ತುಂಬ ಜನರ ವಾಕಿಂಗ್ ಜೂನ್‌ನಲ್ಲಿ ನಿಂತು ಅಕ್ಟೋಬರ್ ತನಕ ಮತ್ತೆ ಶುರುವಾಗುವುದೇ ಇಲ್ಲ. ವರ್ಷದ ಮೂರರಲ್ಲೊಂದು ಭಾಗ ಕೈಬಿಟ್ಟರೆ ಗಳಿಸಿದ್ದೆಲ್ಲ ಹೋಗುತ್ತದೆ. ವಾಕಿಂಗ್ ಆರಿಸಿಕೊಳ್ಳುವವರು ಮಳೆಗಾಲಕ್ಕೆ ಏನು ಎಂದು ಇವತ್ತೇ ಯೋಚಿಸಬೇಕು.

ಫಿಸಿಯೋಥೆರಪಿ, ಜಿಮ್

ಮಂಡಿ ಆಪರೇಷನ್ ಆದವರು, ಮೂಳೆ ಮುರಿದು ಕೂಡಿದವರು, ಸ್ಟ್ರೋಕ್ ಆದವರು, ಎದ್ದು ನಿಂತರೆ ತಲೆ ಸುತ್ತುವವರು ಮೊದಲು ಡಾಕ್ಟರನ್ನೂ ಫಿಸಿಯೋಥೆರಪಿಸ್ಟನ್ನೂ ಕಾಣಬೇಕು. ಇಲ್ಲಿ ಹೋಲಿಕೆ ಮಾಡುವ ಮಾತೇ ಇಲ್ಲ. ಸಲಸಲಕ್ಕೂ ದುಡ್ಡು ಕೊಡಬೇಕು, ಓಡಾಟದ ಖರ್ಚು ಬೇರೆ. ಹಾಗಾಗಿ ನಾಲ್ಕೈದು ಸಲ ಹೋಗಿ, ಮನೆಯಲ್ಲಿ ಮಾಡಬೇಕಾದ್ದನ್ನು ಬರೆಸಿಕೊಂಡು ಬನ್ನಿ. ಜಿಮ್ ಪಟ್ಟಣದಲ್ಲಿರುವ, ಐವತ್ತರ ಒಳಗಿನವರಿಗೆ ಚೆನ್ನಾಗಿ ಒಗ್ಗುತ್ತದೆ. ತೋಳಿನ ಬಲಕ್ಕೆ ಅದನ್ನು ಮೀರಿಸಲು ತಾಯ್ ಚಿಗೂ ಆಗದು, ವಾಕಿಂಗ್‌ಗೂ ಆಗದು.

ಪುಟ್ಟ ಆಯ್ಕೆ ಒಂದಿದೆ

ತಾಯ್ ಚಿ ಉದ್ದವಾಯಿತು, ನೆನಪಿನಲ್ಲಿ ನಿಲ್ಲುವುದಿಲ್ಲ ಎನ್ನುವವರಿಗೆ ಬಾದುವಾನ್‌ಜಿನ್ ಇದೆ. ಇದೂ ಚೀನಾದ್ದೇ, ಚಿಗೋಂಗ್ ಎಂಬ ಬಗೆಗೆ ಸೇರಿದ್ದು. ಎಂಟೇ ಚಲನೆ, ನಿಂತ ಜಾಗ ಬಿಟ್ಟು ಕದಲುವುದಿಲ್ಲ. ಒಂದು ವಾರದಲ್ಲಿ ಕಲಿಯಬಹುದು. ಹೆಜ್ಜೆ ಇಲ್ಲದ ಕಾರಣ ಸಮತೋಲನಕ್ಕೆ ತಾಯ್ ಚಿಯಷ್ಟು ಕೆಲಸ ಕೊಡುವುದಿಲ್ಲ. ಆದರೆ ಬೆನ್ನಿಗೆ, ಭುಜಕ್ಕೆ ತುಂಬ ಹಿತ.

ನಾನು ಇದನ್ನು ಮುಖ್ಯವಾಗಿ ಯೋಚಿಸುವುದು ತೋಟದ ಕೆಲಸದವರಿಗೆ. ಡಿಸೆಂಬರ್‌ನಿಂದ ಫೆಬ್ರವರಿ ತನಕ ದಿನವಿಡೀ ಕತ್ತು ಎತ್ತಿ, ಕೈ ಚಾಚಿ ಕಾಫಿ ಕೊಯ್ದು, ಸಂಜೆ ಮೂಟೆ ಹೊರುವ ಹೆಂಗಸರಿಗೆ ವಾಕಿಂಗ್ ಮಾಡಿ ಎಂದು ಹೇಳುವುದು ಸರಿಯಲ್ಲ. ಅವರು ದಿನಕ್ಕೆ ಹತ್ತಿ ಇಳಿಯುವಷ್ಟು ನಮ್ಮಲ್ಲಿ ಯಾರೂ ನಡೆಯುವುದಿಲ್ಲ. ಅವರಿಗೆ ಬೇಕಾದದ್ದು ಬಿಗಿದ ಬೆನ್ನು ಭುಜ ಸಡಿಲಿಸುವ ಹತ್ತು ನಿಮಿಷ. ಅದೂ ಕೆಲಸದ ಹೊತ್ತಿನಲ್ಲೇ, ಕೂಲಿ ಮುರಿಯದೆ. ತೋಟದ ಮಾಲೀಕರು ಇದನ್ನು ಓದುತ್ತಿದ್ದರೆ ದಯವಿಟ್ಟು ಯೋಚಿಸಿ.

ನಮ್ಮ ಕುಣಿತವನ್ನೂ ಬಿಡಬೇಡಿ. ವಾಲಗಕ್ಕೆ ಕುಣಿಯುವಾಗ, ಊರಿನ ಹಬ್ಬದ ಬಯಲಾದ ಮಂದಿನಲ್ಲಿ ಕೋಲಾಟ್ ಆಡುವಾಗ, ಬೊಳಕಾಟ್‌ನಲ್ಲಿ ಚೌರಿ ಬೀಸುತ್ತಾ ದೀಪದ ಸುತ್ತ ಹೆಜ್ಜೆ ಹಾಕುವಾಗ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಹೋಗುತ್ತದೆ, ಮೈ ತಿರುಗುತ್ತದೆ, ಮನಸ್ಸು ತಾಳದಲ್ಲಿರುತ್ತದೆ. ಬಾಲ್ಯದಿಂದ ಕುಣಿದವರಿಗೆ ತಾಯ್ ಚಿಯ ಹೆಜ್ಜೆ ಬೇಗ ಹಿಡಿಯುತ್ತದೆ. ಅತ್ತೆಯಲ್ಲಿ ಅದನ್ನು ಕಣ್ಣಾರೆ ನೋಡಿದೆ.

ಹಾಗಾದರೆ ಯಾರಿಗೆ ಯಾವುದು?

ಸೋಮವಾರಪೇಟೆಯ ಅಮ್ಮನಿಗೆ ತಾಯ್ ಚಿ. ಮಂಡಿನೋವು, ಒಬ್ಬರೇ ಇರುವುದು, ಜಾರುವ ಅಂಗಳ, ಮೂರೂ ಅದನ್ನೇ ಹೇಳುತ್ತವೆ. ಗುರು ಸಿಗದಿದ್ದರೆ ಹೀಗೆ ಮಾಡಿ. ಮಗಳು ಬೆಂಗಳೂರಿನಲ್ಲಿ ಕೆಲವು ತರಗತಿಗೆ ಹೋಗಿ ಸುನ್ ಅಥವಾ ಯಾಂಗ್ ಶೈಲಿಯ ನಾಲ್ಕು ಚಲನೆ ಸರಿಯಾಗಿ ಕಲಿಯಲಿ. ಊರಿಗೆ ಬಂದಾಗ ಅಮ್ಮನ ಎದುರು ನಿಂತು ಹೇಳಿಕೊಡಲಿ. ಮಾಡುವುದನ್ನು ಪಕ್ಕದಿಂದ ವಿಡಿಯೋ ತೆಗೆದು, ಮಂಡಿ ಕಾಲ್ಬೆರಳು ದಾಟುತ್ತಿದೆಯೇ ಎಂದು ಗುರುಗಳಿಗೆ ತೋರಿಸಲಿ. ಪಾಠದ ವಿಡಿಯೋವನ್ನು ಅಮ್ಮನ ಫೋನಿಗೆ ಇಳಿಸಿಯೇ ಕೊಡಬೇಕು. ಮಳೆ ಹಿಡಿದರೆ ನಮ್ಮಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಜೊತೆಗೆ ದಿನಕ್ಕೆ ಎರಡು ಸಲ, ಕೈ ಊರದೆ ಕುರ್ಚಿಯಿಂದ ಎಂಟು ಹತ್ತು ಬಾರಿ ಎದ್ದು ಕೂರುವುದು. ಖರ್ಚು ಎಂದರೆ ಜಾರದ, ತೆಳು ಅಟ್ಟೆಯ ಒಂದು ಜೊತೆ ಶೂ. ಚಪ್ಪಲಿ ಹಾಕಿಕೊಂಡು ಮಾಡಬಾರದು. ಹಿತ್ತಲ ಮೆಟ್ಟಿಲಿಗೆ ಹಿಡಿದುಕೊಳ್ಳಲು ಒಂದು ಕಂಬಿಯನ್ನೂ ಹಾಕಿಸಿಬಿಡಲಿ. ಪಾಚಿ ಕೆರೆಸುವುದು ಯಾವ ವ್ಯಾಯಾಮಕ್ಕಿಂತಲೂ ಮೊದಲ ಕೆಲಸ.

ಗೋಣಿಕೊಪ್ಪದ ಬೆಳೆಗಾರರಿಗೆ ಚುರುಕು ನಡಿಗೆಯೇ ಮುಖ್ಯ. ಜೀಪನ್ನು ಗೇಟಿನ ಹತ್ತಿರ ನಿಲ್ಲಿಸಿ ತೋಟವನ್ನು ಕಾಲಲ್ಲೇ ಸುತ್ತಿದರೆ ಅರ್ಧ ಕೆಲಸವಾಯಿತು. ವಾರಕ್ಕೆ ಎರಡು ದಿನ ಬಲದ ವ್ಯಾಯಾಮ ಸೇರಬೇಕು. ತಾಯ್ ಚಿ ಅವರಿಗೆ ಮಳೆಗಾಲದ ಜೊತೆಗಾರ. ಹಾಂಗ್‌ಕಾಂಗ್‌ನಲ್ಲಿ ಹೊಟ್ಟೆ ಬೊಜ್ಜಿದ್ದ, ಐವತ್ತು ದಾಟಿದ 543 ಜನರ ಮೇಲೆ ನಡೆದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಅದರಲ್ಲಿ ತಾಯ್ ಚಿ ಮಾಡಿದವರ ಸೊಂಟದ ಸುತ್ತಳತೆಯೂ ಬೇರೆ ವ್ಯಾಯಾಮದವರಷ್ಟೇ ಇಳಿದಿತ್ತು. ಆದರೆ ಅವರು ಮಾಡಿದ್ದು ವಾರಕ್ಕೆ ಮೂರು ಸಲ, ಪ್ರತಿಸಲ ಒಂದು ಗಂಟೆ. ಹದಿನೈದು ನಿಮಿಷಕ್ಕೆ ಹೊಟ್ಟೆ ಕರಗುವುದಿಲ್ಲ.

ಮಡಿಕೇರಿಯ ಮೇಷ್ಟ್ರಿಗೆ ನನ್ನ ಉತ್ತರದಲ್ಲಿ ಅನುಮಾನವೇ ಇಲ್ಲ. 2012ರಲ್ಲಿ ಪಾರ್ಕಿನ್ಸನ್ ಇದ್ದ 195 ಜನರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ ಎರಡು ಸಲ, 24 ವಾರ ತಾಯ್ ಚಿ ಕಲಿಸಿದ ಪ್ರಯೋಗ ಪ್ರಕಟವಾಯಿತು. ಬಲದ ವ್ಯಾಯಾಮ ಮಾಡಿದ ಗುಂಪಿಗಿಂತಲೂ, ಮೈ ಎಳೆಯುವ ವ್ಯಾಯಾಮ ಮಾಡಿದ ಗುಂಪಿಗಿಂತಲೂ ತಾಯ್ ಚಿ ಗುಂಪಿನ ಸಮತೋಲನ ಚೆನ್ನಾಗಿತ್ತು. ಮೇಷ್ಟ್ರು ತಮ್ಮ ನರರೋಗದ ಡಾಕ್ಟರಿಗೆ ಹೇಳಿಯೇ ಶುರು ಮಾಡಬೇಕು. ಒಬ್ಬರೇ ಮಾಡಬಾರದು, ಮನೆಯವರು ಒಬ್ಬರು ತೋಳಳತೆಯಲ್ಲಿ ನಿಂತಿರಬೇಕು. ಮಾತ್ರೆ ಚೆನ್ನಾಗಿ ಕೆಲಸ ಮಾಡುವ ಹೊತ್ತನ್ನೇ ಆರಿಸಿಕೊಳ್ಳಬೇಕು. ದುಡ್ಡು ಖರ್ಚು ಮಾಡುವುದಿದ್ದರೆ ಈ ಮೂವರಲ್ಲಿ ಒಳ್ಳೆಯ ಗುರುವಿಗಾಗಿ ಖರ್ಚು ಮಾಡಬೇಕಾದವರು ಇವರೇ.

ಯಾವಾಗ ಶುರು ಮಾಡಬೇಕು ಎಂದೂ ಕೇಳುತ್ತಾರೆ. ನಮ್ಮ ನೆಲದಲ್ಲಿ ಸಮತಟ್ಟಾದ, ಗಟ್ಟಿಯಾದ ಜಾಗ ಎಂದರೆ ಕಾಫಿ ಒಣಗಿಸುವ ಕಣ. ಡಿಸೆಂಬರ್‌ನಿಂದ ಅಲ್ಲಿ ಕಾಫಿ ಹರಡಿರುತ್ತದೆ. ರೊಬಸ್ಟಾ ಕೊಯ್ಲು ಮುಗಿದು, ಮೂಟೆ ಕಟ್ಟಿ, ಕಣ ಗುಡಿಸುವ ಹೊತ್ತಿಗೆ ಮಾರ್ಚ್. ಮಾರ್ಚ್ ಮೊದಲ ವಾರದಿಂದ 12 ವಾರ ಎಣಿಸಿದರೆ ಮೇ ಕೊನೆಗೆ ಬರುತ್ತೀರಿ. ಅಧ್ಯಯನಗಳಲ್ಲಿ ಮಂಡಿನೋವು ಇಳಿದದ್ದೂ 12 ವಾರಕ್ಕೇ. ಮೊದಲ ಮಳೆ ಬಿದ್ದು ಮೆಟ್ಟಿಲು ಒದ್ದೆಯಾಗುವ ಹೊತ್ತಿಗೆ ಕಾಲು ತಯಾರಾಗಿರುತ್ತದೆ. ಆಮೇಲೆ ಜಗಲಿಗೆ ಬನ್ನಿ. ಎರಡು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ ಇಡುವಷ್ಟು ಜಾಗ ಇದ್ದರೆ ಸಾಕು. ನಮ್ಮ ಅತ್ತೆ ಈ ವರ್ಷ ಐದನೆಯ ಚಲನೆ ಕಲಿಯುತ್ತಿದ್ದಾರೆ. ಮರದ ಕುರ್ಚಿ ಇನ್ನೂ ಪಕ್ಕದಲ್ಲೇ ಇದೆ. ಅದನ್ನು ತೆಗೆಯಲು ನಾನು ಬಿಟ್ಟಿಲ್ಲ.